ಚೆಂಡು ಮುಟ್ಟದವನು

ನಾನೇ ಎಣಿಸಿದ್ದೇನೆ, ಲೆಕ್ಕ ತಪ್ಪಿಲ್ಲ: ಹದಿನೇಳು ಪಾಸು.
ಆ ಹೊತ್ತಿಗೆ ನಾಲ್ಕು ಗೋಲು ತಿಂದಿದ್ದರು ನಮ್ಮವರು.
ತೋರ್ಸ್‌ಹಾವ್ನಿನ ಮೈದಾನಕ್ಕೆ ಕಡಲ ಕಡೆಯಿಂದ ಗಾಳಿ.
ಪೆನಾಲ್ಟಿಗೆಂದು ಇಟ್ಟ ಚೆಂಡೂ ಇಟ್ಟಲ್ಲಿ ನಿಲ್ಲುವುದಿಲ್ಲ,
ಒಬ್ಬ ಮಲಗಿ ಬೆರಳಲ್ಲಿ ಒತ್ತಿ ಹಿಡಿದರೆ
ಇನ್ನೊಬ್ಬ ಒದೆಯಬೇಕು.
ಒಂದು ಒದೆತಕ್ಕೂ ಇಬ್ಬರು ಬೇಕಾದ ದ್ವೀಪ ನಮ್ಮದು.

ಎಂಬತ್ತೊಂದನೆಯ ನಿಮಿಷ.
ಗೋಲ್‌ಕೀಪರ್ ಬೈನಿರ್, ವಾರವೆಲ್ಲ ಅಂಚೆ ಹಂಚುವವನು,
ಎತ್ತಿ ಒಗೆಯಲಿಲ್ಲ ಚೆಂಡನ್ನು ಗಾಳಿಯ ಬಾಯಿಗೆ.
ಹೆಸರು ಓದಿ, ಬಾಗಿಲು ನೋಡಿ, ಕಾಗದ ಕೊಟ್ಟಂತೆ
ಕೊಟ್ಟ, ಗಣಿತದ ಮೇಷ್ಟ್ರ ಕಾಲಿಗೆ.
ಮೇಷ್ಟ್ರಿಂದ ಬಡಗಿಗೆ. ಬಡಗಿಯಿಂದ ತಿರುಗಿ ಮೇಷ್ಟ್ರಿಗೆ.
ಅಡ್ಡಕ್ಕೆ. ಹಿಂದಕ್ಕೆ. ಮತ್ತೂ ಹಿಂದಕ್ಕೆ.
'ಗೋಲು ಆ ಕಡೆ ಇದೆಯಪ್ಪಾ!' ಎಂದು ಪಕ್ಕದ ಮುದುಕ
ಟೋಪಿ ಕಿತ್ತು ತೊಡೆಗೆ ಬಡಿದುಕೊಂಡ.

ಏಳು, ಎಂಟು, ಒಂಬತ್ತು.
ಚಾಡಿ ಮನೆಯಿಂದ ಮನೆಗೆ ಹೋದ ಹಾಗೆ ಹೋಯಿತು ಚೆಂಡು,
ಪ್ರತಿ ಬಾಯಲ್ಲೂ ಇಷ್ಟಿಷ್ಟು ಬೆಳೆದು.
ದೊಡ್ಡ ದೇಶದ ದೊಡ್ಡ ಆಟಗಾರರು,
ಒಬ್ಬೊಬ್ಬನ ಒಂದು ಮೊಣಕಾಲಿನ ವಿಮೆಗೆ
ನಮ್ಮ ಇಡೀ ಬಂದರು ಕೊಳ್ಳಬಹುದು,
ಮೊದಲು ನಕ್ಕರು, ಆಮೇಲೆ ನಡೆದರು, ಆಮೇಲೆ ಓಡಿದರು.

ಹದಿಮೂರನೆಯದಕ್ಕೆ ಹೊರಟ ಬ್ರೆಸ್ತಿರ್.
ಬಲಗಡೆಯಿಂದ ಎಡಕ್ಕೆ, ಇಡೀ ಮೈದಾನ ಕೊಯ್ದುಕೊಂಡು,
ಕೈ ಎತ್ತಿ, 'ನನಗೆ! ನನಗೆ!' ಎಂದು ಅರಚುತ್ತ.
ಅವನ ಬೆನ್ನಿಗೆ ಇಬ್ಬರು ರಕ್ಷಕರು ಬಿದ್ದರು,
ಎತ್ತರದವರು, ಬಾಗಿಲಿನಂಥವರು.
ಬಾಗಿಲೆರಡೂ ಎದ್ದು ಹೋದ ಮೇಲೆ
ಮನೆಗೆ ನುಗ್ಗಲು ಏನು ಅಡ್ಡಿ?
ಎಲೆಕ್ಟ್ರಿಷಿಯನ್ ಒಬ್ಬ ಹಿಮ್ಮಡಿಯಲ್ಲಿ ಸವರಿದ,
ಹದಿನೆಂಟರ ಹುಡುಗ ಸುಮ್ಮನೆ ಪಾದ ಚಾಚಿದ.
ಬಲೆ ಉಬ್ಬಿದ್ದು ಗಾಳಿಗೋ ಚೆಂಡಿಗೋ
ಒಂದು ಕ್ಷಣ ಯಾರಿಗೂ ಗೊತ್ತಾಗಲಿಲ್ಲ.
ಮುದುಕ ಮಾತ್ರ ಟೋಪಿಯಲ್ಲಿ ಮುಖ ಮುಚ್ಚಿ ಅಳುತ್ತಿದ್ದ.

ನಾಲ್ಕು–ಒಂದು. ಸೋತೆವು. ಇರಲಿ.

ಮರುದಿನದ ಪತ್ರಿಕೆಯಲ್ಲಿ ಆ ಗೋಲಿನ ನಕ್ಷೆ:
ಬಾಣಗಳು, ಅಂಕಿಗಳು, ಒಂಬತ್ತು ಹೆಸರು.
ಮೀನಿನ ಕಾರ್ಖಾನೆಯ ಗೋಡೆಗೆ ಯಾರೋ ಅಂಟಿಸಿದ್ದರು.
ನನ್ನ ಎದುರು ಮೇಜಿನಲ್ಲಿ ಕಾಡ್ ಮೀನು ಸೀಳುತ್ತ
ಬ್ರೆಸ್ತಿರ್ ಆ ಕಡೆ ನೋಡಲಿಲ್ಲ.
'ನೀನೂ ಆಡಿದೆಯಂತಲ್ಲ?' ಎಂದ ಮೇಲ್ವಿಚಾರಕ.

ಮಧ್ಯಾಹ್ನ ಬುತ್ತಿ ತಂದ ಅವನ ತಾಯಿ ಬಿರಿತಾ
ಏನೂ ಕೇಳದೆ, ಗೂಟದಲ್ಲಿದ್ದ ಅವನ ಸ್ವೆಟರನ್ನು
ಒಳಮಗ್ಗುಲು ಹೊರಗೆ ಮಾಡಿ ಮೇಜಿನ ಮೇಲೆ ಹರಡಿದಳು.
ಹೊರಗೆ ಕಪ್ಪು ಬಿಳುಪಿನ ನಕ್ಷತ್ರಗಳ ಸಾಲು;
ಹಿಂದೆ, ಹೂವಿನಿಂದ ಹೂವಿಗೆ, ಕಣ್ಣಿಗೆ ಬೀಳದೆ
ಹಾದುಹೋಗುವ ಸಡಿಲ ದಾರ.
'ಇದನ್ನು ಕತ್ತರಿಸಿ ನೋಡು' ಎಂದಳು, ಮೇಲ್ವಿಚಾರಕನಿಗೆ.

ನಮಗೆಲ್ಲ ಗಂಟಲು ಕಟ್ಟಿತು.
ಬ್ರೆಸ್ತಿರ್ ಸ್ವೆಟರನ್ನು ಮತ್ತೆ ನೆಟ್ಟಗೆ ಮಾಡಿದ.
ಅವಳು ಹೋದ ಮೇಲೆ ನನಗೊಬ್ಬನಿಗೇ ಹೇಳಿದ:
'ಅಮ್ಮನಿಗೆ ಹೇಳಬೇಡ ಮಾರಾಯ.
ನಾನು ಯಾರನ್ನೂ ಸೆಳೆಯಲು ಓಡಿದ್ದಲ್ಲ,
ದಾರವೂ ಅಲ್ಲ, ತ್ಯಾಗವೂ ಅಲ್ಲ.
ನನಗೆ ಚೆಂಡು ಬೇಕಿತ್ತು.
ಅಷ್ಟು ಕೂಗಿದೆ. ಕೊಟ್ಟಿದ್ದರೆ ಹೊಡೆಯುತ್ತಿದ್ದೆ.'

ಹೇಳಿ, ಮುಂದಿನ ಮೀನನ್ನು ನನ್ನ ಕಡೆ ತಳ್ಳಿದ,
ಬೇಕೆಂದೇ ಸ್ವಲ್ಪ ಜೋರಾಗಿ.
ನಾನು ಅವನ ಮುಖ ನೋಡುತ್ತಿದ್ದೆ.
ಕೈ ತಪ್ಪಿ ನೆಲಕ್ಕೆ ಬಿತ್ತು ಮೀನು.
ಇಬ್ಬರೂ ಒಟ್ಟಿಗೆ ಬಗ್ಗಿದೆವು.