ಎಡಗೈ ಬರೆದ ಲೆಕ್ಕ

ದ್ರೋಸೋಸ್ ತೀರಿಕೊಂಡ ಮಾರನೆಯ ದಿನ
ಡಾರ್ವಿನ್ನಿನ ಪತ್ರಿಕೆಯಲ್ಲಿ ಅರ್ಧ ಪುಟ:
ಬರಿಗೈಯಲ್ಲಿ ಬಂದ, ಊರು ಕಟ್ಟಿದ, ಕೊಡುಗೈ ದೊರೆ.

ಬರಿಗೈ ಅನ್ನುವುದು ಸುಳ್ಳು.
ಹಡಗಿಳಿದಾಗ ಕಂಕುಳಲ್ಲಿ ಒಂದು ಸ್ಪಂಜಿತ್ತು,
ಜರಡಿಯಷ್ಟು ಅಗಲ, ಕಾಲಿಮ್ನೊಸ್ ದ್ವೀಪದ್ದು.
ಅದನ್ನು ನನ್ನಪ್ಪನ ಅಂಗಡಿಯಲ್ಲಿ ಅಡವಿಟ್ಟು
ಒಂದು ಸುತ್ತಿಗೆ, ಎರಡು ಪೌಂಡು ಮೊಳೆ ಒಯ್ದ.
ನನಗಾಗ ಹನ್ನೊಂದು.
ಕಡದ ಪುಸ್ತಕದಲ್ಲಿ ಅವನ ಹೆಸರು ಬರೆದವಳು ನಾನೇ,
ತಪ್ಪಾಗಿ.

ನಾವು ಚಿನ್ ಮನೆತನ. ರೈಲುಹಳಿ ಹಾಸಲು ಬಂದ ಅಜ್ಜ
ಹಳಿ ಮುಗಿದ ಮೇಲೆ ತಕ್ಕಡಿ ಹಿಡಿದ.
ತೂಕದ ಮಾತು ನಮಗೆ ಯಾರೂ ಕಲಿಸಬೇಕಿಲ್ಲ.

ಮುತ್ತಿನ ಚಿಪ್ಪಿಗೆ ಮುಳುಗಲು ಕರೆಸಿದ್ದರು ಅವನನ್ನು.
ಒಂದೇ ಸಲ ಮುಳುಗಿದ. ಎದ್ದು ಬಂದು
ತಾಮ್ರದ ಶಿರಸ್ತ್ರಾಣ ಕಳಚಿಟ್ಟು, ಸಾಕು ಅಂದ.
ಅವನಪ್ಪ ಆಳದಿಂದ ಬೇಗ ಮೇಲೆ ಬಂದವನು;
ರಕ್ತದಲ್ಲಿ ಗುಳ್ಳೆ ಎದ್ದು, ಮೂವತ್ತಕ್ಕೇ ಕಾಲು ಸತ್ತು,
ಬಂದರಿನ ಕಲ್ಲಿನ ಮೇಲೆ ಕೂತು
ಉಳಿದವರ ಸ್ಪಂಜು ಕತ್ತರಿಸುತ್ತಿದ್ದನಂತೆ.
ಇದನ್ನು ನನಗೆ ಹೇಳಿದ್ದು ಒಂದೇ ಬಾರಿ,
ಇಟ್ಟಿಗೆಯ ದರ ಕೇಳುವ ನಡುವೆ.

ಹದಿನೆಂಟಕ್ಕೆ ಅವನ ಲೆಕ್ಕಕ್ಕೆ ಕೂತೆ.
ಕೈಗಾಡಿ ಹೋಗಿ ಲಾರಿ ಬಂತು, ಲಾರಿ ಹೋಗಿ ಕಚೇರಿ;
ಕಂಬದ ಮೇಲೆ ನಿಂತ ಮನೆಗಳು, ನಲವತ್ತೆರಡು.
ಎಷ್ಟು ಬೇಗ ಮೇಲೆ ಬಂದ ಅಂತ ಊರೆಲ್ಲ ಬೆರಗು.
ನಕ್ಷೆಯಲ್ಲಿ ಸೂರಿನ ತೊಲೆಗೆ ನಾಲ್ಕು ಬೋಲ್ಟು,
ನನ್ನ ಪುಸ್ತಕದಲ್ಲಿ ಎರಡು.
ಕೇಳಿದ್ದೆ. ನಕ್ಕ: ಗಾಳಿಗೆ ಲೆಕ್ಕ ಬರುವುದಿಲ್ಲ, ಮೇವಿಸ್.
ನಾನೂ ನಕ್ಕೆ. ಸಂಬಳದ ದಿನ.

ಎಪ್ಪತ್ತನಾಲ್ಕರ ಕ್ರಿಸ್‌ಮಸ್ ರಾತ್ರಿ
ಗಾಳಿ ಒಂದೊಂದೇ ಮೊಳೆ ಎಣಿಸಿತು.
ಬೆಳಗ್ಗೆ ಒಂದು ಮರದಲ್ಲೂ ಎಲೆಯಿಲ್ಲ,
ಹಕ್ಕಿಯಿಲ್ಲ, ತಗಡು ಮಾತ್ರ ದೀಪದ ಕಂಬಗಳಿಗೆ
ಒದ್ದೆ ಟವೆಲಿನ ಹಾಗೆ ಸುತ್ತಿಕೊಂಡಿತ್ತು.
ನಲವತ್ತೆರಡರಲ್ಲಿ ಮೂವತ್ತೇಳು ಬರೀ ನೆಲ,
ನಾಟಕ ಮುಗಿದ ರಂಗದ ಹಾಗೆ.
ಒಂಬತ್ತನೇ ನಂಬರಿನಲ್ಲಿ ಸ್ನಾನದ ತೊಟ್ಟಿಯೊಳಗೆ
ಮುದುಕಿ ಆಲ್ಡರ್ಟನ್. ಮೈಮೇಲೆ ಹಾಸಿಗೆ.

ನಾಲ್ಕಿದ್ದರೂ ಹಾರುತ್ತಿದ್ದವು, ಅಂದಿತು ವಿಚಾರಣೆ.
ಅವನನ್ನು ಬಿಟ್ಟುಬಿಟ್ಟಿತು.
ಅವನು ಬಿಡಿಸಿಕೊಳ್ಳಲಿಲ್ಲ.

ಜನವರಿಯಲ್ಲಿ ಒಂದು ಅಂಕಣ ಗೆರೆ ಹಾಕಿಸಿದ.
ತಲೆಬರಹ ಏನು ಅಂದೆ. ಬರಿ ಅಂದ.
ಅಡಿಲೇಡಿನಿಂದ ಶವಪೆಟ್ಟಿಗೆ, ಒಂದು.
ಎರಡು ಶಾಲೆಗೆ ಸೂರು. ತೊಲೆಗೆ ಆರು ಬೋಲ್ಟು.
ದಾದಿಯರಿಗೆ ವಸತಿ. ಆಮೇಲೆ ಆಸ್ಪತ್ರೆಗೆ
ಮುಳುಗಿ ಬೇಗ ಎದ್ದವರನ್ನು ಒಳಗಿಟ್ಟು
ಗಂಟೆಗಟ್ಟಲೆ ನಿಧಾನ ಮೇಲೆ ತರುವ ಒತ್ತಡದ ಕೋಣೆ.
ಇನ್ನೊಂದು ದ್ವೀಪಕ್ಕೆ. ಅಪ್ಪ ಆಗಲೇ ಮಣ್ಣಾಗಿದ್ದ.

ದೇವರಾಗಿಬಿಟ್ಟ ಅಂದುಕೊಳ್ಳಬೇಡಿ.
ಬರ್ರಮುಂಡಿ ಮೀನಿಗೆ ಕೊನೆಯವರೆಗೂ ಚೌಕಾಸಿ,
ಸಿಗರೇಟು ಹಚ್ಚಿದ ಟೈಲ್ಸಿನವನಿಗೆ ಅರ್ಧ ಗಂಟೆ ಕೂಲಿ ಕಟ್.
ಅವನ ಹೆಂಡತಿ ಥೆಮೆಲಿನಾ ನನ್ನ ಬಳಿ ಗೊಣಗುತ್ತಿದ್ದಳು:
ಊರಿಗೆಲ್ಲ ಸೂರು ಕೊಟ್ಟ, ನನ್ನ ಅಡುಗೆಮನೆಯ ನಲ್ಲಿ
ಹನ್ನೆರಡು ವರ್ಷದಿಂದ ತೊಟ್ಟಿಕ್ಕುತ್ತಿದೆ.

ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದ ಹಾಗೆ ಬದುಕಿದ
ಅಂದರು ಪಾದ್ರಿ, ಧೂಪದ ಹೊಗೆಯ ನಡುವೆ.
ನಾನು ಎಡಚಿ.
ನಲವತ್ತೊಂದು ವರ್ಷ ಅವನ ಎಡಗೈ ನಾನೇ ಆಗಿದ್ದೆ.

ಸ್ಪಂಜು ಅವನು ಬಿಡಿಸಿಕೊಳ್ಳಲೇ ಇಲ್ಲ.
ವರ್ಷಕ್ಕೊಮ್ಮೆ ಬಡ್ಡಿ ಎಷ್ಟಾಯಿತು ಅಂತ ಕೇಳುವನು,
ಕೇಳಿ, ತಲೆಯಾಡಿಸಿ, ಹೋಗುವನು.
ನಮ್ಮ ಅಂಗಡಿ ಹಾರಿದ ರಾತ್ರಿ ಅದು ಉಳಿಯಿತು;
ಮಾವಿನ ಕೊಂಬೆಗೆ ಸಿಕ್ಕು, ಮಳೆ ಕುಡಿದು ಊದಿಕೊಂಡಿತ್ತು.

ಮಣ್ಣು ಮಾಡಿ ಬಂದು ಇವತ್ತು ಅದನ್ನು ಬಕೆಟ್ಟಿಗೆ ಅದ್ದಿದೆ.
ಹಿಂಡಿದರೆ ಮರಳು, ಐವತ್ತು ವರ್ಷದ ಮೇಲೂ.
ಅದು ಅವನ ಸಮುದ್ರದ್ದೋ, ನಮ್ಮ ಗಾಳಿ ತುಂಬಿದ್ದೋ,
ಬಕೆಟ್ಟಿನ ತಳದಲ್ಲಿ ಬೆರಳಾಡಿಸಿ ನೋಡಿದೆ,
ತಿಳಿಯಲಿಲ್ಲ.