ಹೆಚ್ಚಿಗೆ ಬಂದ ಹದಿನಾಲ್ಕು

ಒಂಬೈನೂರ ಅರವತ್ತೊಂಬತ್ತು ಬರೆಯಲು
ನಮ್ಮ ಲಿಪಿಯಲ್ಲಿ ನಾಲ್ಕೇ ಗುರುತು ಸಾಕು.
ತಲೆಯ ಮೇಲೊಂದು ಗೆರೆ, ಕಾಲಡಿಗೊಂದು ಗೆರೆ,
ನಡುವೆ ಕೆಂಪು ಶಾಯಿಯ ಒಬ್ಬ ಮುದುಕ.
ಅಪ್ಪ ಅವನನ್ನು ಬರೆದದ್ದು
ಎರಡನೆಯ ಮಳೆಗಾಲ ಕಾಣದೆ ಹೋದ
ಒಂದು ಆಡಿನ ಚರ್ಮದ ಮೇಲೆ.

ಆ ಆಡು ನನಗೆ ಗೊತ್ತಿತ್ತು.
ಎಡಗಿವಿ ಹರಿದದ್ದು, ಉಪ್ಪಿನಾಸೆಗೆ ನನ್ನ ಅಂಗೈ ನೆಕ್ಕುತ್ತಿದ್ದದ್ದು.
ಚೌಕಟ್ಟಿಗೆ ಬಿಗಿದ ಮೇಲೆ ಒಳಮೈಯ ಕೊಬ್ಬು ಹೆರೆದವಳೂ ನಾನೇ.
ಉಜ್ಜುಗಲ್ಲು ತಾಕಿದಲ್ಲೆಲ್ಲ ಬೆಳಕು ಬಂತು,
ಕುತ್ತಿಗೆಯ ಹತ್ತಿರ ಮಾತ್ರ ಒಂದು ತೂತು ಉಳಿಯಿತು.
ಅಪ್ಪ ಸಾಲನ್ನು ಅದರ ಪಕ್ಕದಿಂದ ತಿರುಗಿಸಿದ,
ಹೊಳೆ ಬಂಡೆಯನ್ನು ಬಳಸುವ ಹಾಗೆ.

ಟಾನಾ ಸರೋವರದ ದಂಡೆ, ಗೋರ್ಗೊರಾ.
ಅಪ್ಪನ ಹೆಸರು ಅಫೆವರ್ಕ್, ಬಂಗಾರದ ಬಾಯಿ ಎಂದರ್ಥ;
ಬರೆಯುವಾಗ ಆ ಬಾಯಿಗೆ ಬೀಗ.
ಕರಕಾಗಿ ಹುರಿದ ಜವೆ, ದೀಪದ ಮಸಿ, ಜಾಲಿಯ ಅಂಟು
ಮಡಕೆಯಲ್ಲಿ ಮೂರು ತಿಂಗಳು ಕೊಳೆತು ಶಾಯಿಯಾಗಿ
ಅವನ ಉಗುರ ಸಂದಿಯಲ್ಲಿ ಕಾಯಂ ಒಕ್ಕಲಾಗಿತ್ತು.

ಹುಟ್ಟಿದ, ಮಗನನ್ನು ಪಡೆದ,
ಆಮೇಲೆ ಎಂಟುನೂರು ವರ್ಷ ಇದ್ದು ಸತ್ತ.
ಹುಟ್ಟಿದ, ಪಡೆದ, ಏಳುನೂರು, ಸತ್ತ.
ಸಾವು ಲೇಖನಿಗೆ ಬಾಯಿಪಾಠವಾಗಿತ್ತು,
ಮೂಲಪ್ರತಿಯತ್ತ ಕಣ್ಣೆತ್ತದೆ ಬರೆದುಬಿಡುತ್ತಿತ್ತು.
ಹೆಣ್ಣುಮಕ್ಕಳೂ ಹುಟ್ಟಿದರು ಎಂಬಲ್ಲಿ ನಾನೊಮ್ಮೆ ಕೇಳಿದೆ:
ಅವರು ಬದುಕಿದ್ದು ಎಷ್ಟು ವರ್ಷ?
ಶಾಯಿ ಕಲಕು, ಅಂದ ಅಪ್ಪ.

ಆ ರಾತ್ರಿ ಚಾಪೆಯ ಮೇಲೆ ಕಡಲೆ ಸುರಿದುಕೊಂಡು ಕೂತ,
ವರ್ಷಕ್ಕೊಂದು ಕಾಳು.
ಮುದುಕನಿಗೆ ಮಗ ನೂರ ಅರವತ್ತೇಳಕ್ಕೆ,
ಆ ಮಗನಿಗೆ ಮಗ ನೂರ ಎಂಬತ್ತೆಂಟಕ್ಕೆ,
ಮೊಮ್ಮಗನ ಆರುನೂರಕ್ಕೆ ಪ್ರಳಯ.
ಕೂಡಿದ. ಕಳೆದ. ಮುಖ ತೊಳೆದು ಬಂದು ಮತ್ತೆ ಕೂಡಿದ.
ಪ್ರತಿ ಸಲವೂ ಹದಿನಾಲ್ಕು ಕಾಳು
ಚಾಪೆ ಬಿಟ್ಟು ಏಳಲಿಲ್ಲ.
ಬೆಟ್ಟದ ನೆತ್ತಿಯೂ ಮುಳುಗಿದ ಮೇಲೆ
ಹದಿನಾಲ್ಕು ವರ್ಷ ಉಸಿರಾಡಿದ್ದಾನೆ ಮುದುಕ!
ನಾವೆಯೊಳಗಿದ್ದವರು ಎಂಟೇ ಮಂದಿ.
ಆ ಎಂಟರಲ್ಲಿ ಅವನಿಲ್ಲ.

ಎಲ್ಲಿದ್ದ ಹಾಗಾದರೆ?
ಅಪ್ಪ ನನ್ನ ಕಡೆ ನೋಡಲಿಲ್ಲ.
ಇಂಜೆರಾ ಹುಯ್ಯುತ್ತಿದ್ದ ಅಮ್ಮ ಹೊಗೆಯೊಳಗಿಂದಲೇ ಹೇಳಿದಳು:
"ಒಂಬೈನೂರ ಐವತ್ತೈದರ ಮುದುಕನನ್ನು ಯಾರು ಹತ್ತಿಸಿಕೊಳ್ಳುತ್ತಾರೆ?
ಇನ್ನೇನು ಈ ವಾರ ಹೋಗುತ್ತಾನೆ ಅಂದುಕೊಂಡಿರಬೇಕು.
ಹಾಗಂದುಕೊಂಡೇ ಬಾಗಿಲು ಹಾಕಿರಬೇಕು."

ಬೆಳಿಗ್ಗೆ ಅಬ್ಬಾ ಕಿನ್ಫೆ ಬಂದರು, ಲೆಕ್ಕ ಕೇಳಿ ನಕ್ಕರು.
"ಮಗ ಹುಟ್ಟಿದ ವಯಸ್ಸಿಗೆ ಇಪ್ಪತ್ತು ಸೇರಿಸು, ಅಫೆವರ್ಕ್.
ಪ್ರಳಯಕ್ಕೆ ಆರು ವರ್ಷ ಮುಂಚೆ
ಒಣ ನೆಲದ ಮೇಲೆ ಮರ್ಯಾದೆಯಿಂದ ಸಾಯುತ್ತಾನೆ."

ಚಾಕು ಕೊಟ್ಟೆ. ಅಪ್ಪ ಹೆರೆದ.
ಕೆಂಪು ಪುಡಿ ಅವನ ಮಡಿಲಿಗೆ ಉದುರಿತು.
ಹೊಸ ಅಂಕಿ ಬರೆದು, ಊದಿ ಒಣಗಿಸಿ,
ಇಡೀ ದಿನ ಊಟ ಮಾಡಲಿಲ್ಲ.
ಆ ಹಾಳೆಯನ್ನು ಬೆಳಕಿಗೆ ಹಿಡಿದರೆ
ಹೊಸದರ ಅಡಿಯಲ್ಲಿ ಹಳೆಯದು ಇನ್ನೂ ಕಾಣುತ್ತದೆ,
ನೀರಲ್ಲಿ ಕುತ್ತಿಗೆವರೆಗೆ ನಿಂತವನಂತೆ.
ಸರೋವರ ಉಕ್ಕಿದ ದಿನಗಳಲ್ಲಿ
ಜೊಂಡಿನ ದೋಣಿಯವರನ್ನು ನಾನು ಎಣಿಸುತ್ತೇನೆ,
ಹೋದವರೆಷ್ಟು, ಬಂದವರೆಷ್ಟು.

ಅಪ್ಪ ತೀರಿಕೊಂಡಾಗ ಅಬ್ಬಾ ಕಿನ್ಫೆ ಪುಸ್ತಕ ತೆರೆದು ವಯಸ್ಸು ಕೇಳಿದರು.
ಮಿಡತೆ ಬಂದ ವರ್ಷ ಹುಟ್ಟಿದವನು,
ಯಾವ ಮಿಡತೆ ಎಂದು ಮನೆಯಲ್ಲಿ ಯಾರಿಗೂ ನೆನಪಿಲ್ಲ.
ಅರವತ್ತು ಅನ್ನೋಣವೇ, ಅಂದರು.
ಹದಿನಾಲ್ಕು ಸೇರಿಸಿ, ಅಂದೆ.
ಅವರು ಒಂದು ಕ್ಷಣ ನನ್ನ ಮುಖ ನೋಡಿದರು.
ಬರೆದುಕೊಂಡರು.