ಬಾಡಿಗೆ ಟೆಂಟು

ಸುರತ್ಕಲ್ಲಿನಲ್ಲಿ ನನ್ನದು ಟೆಂಟಿನ ಅಂಗಡಿ.
ಒಂದು ರಾತ್ರಿಗೆ ಮುನ್ನೂರು, ಡೆಪಾಸಿಟು ಬೇರೆ.
ಎಂಟು ವರ್ಷದಿಂದ ಊರವರನ್ನೆಲ್ಲ ಬಯಲಲ್ಲಿ ಮಲಗಿಸಿದವ
ನಾನೇ ಒಮ್ಮೆಯೂ ಮಲಗಿರಲಿಲ್ಲ.

ರಾಜಸ್ಥಾನಕ್ಕೆ ಹೊರಟ ಹುಡುಗರು ಕೇಳಿದರು:
ಮರಳುಗಾಡಿನ ಗಾಳಿಗೆ ತಡೆಯುತ್ತದಾ ಅಂಕಲ್?
ರಾತ್ರಿ ಏನಾದರೂ ಒಳಗೆ ಬಂದರೆ?
ಬಾಯಿಗೆ ಬಂದದ್ದು ಹೇಳಿದೆ. ಆಮೇಲೆ ನಿದ್ದೆ ಬರಲಿಲ್ಲ.

ಮರುದಿನ ಅದೇ ನೀಲಿ ಟೆಂಟನ್ನು ಸ್ಕೂಟರಿಗೆ ಕಟ್ಟಿ
ಬಜಪೆಯಾಚೆಯ ಪದವಿಗೆ ಹೋದೆ.
ನಮ್ಮ ಜಿಲ್ಲೆಯಲ್ಲಿ ಮರಳುಗಾಡು ಬೇಕಾದರೆ
ಎಪ್ರಿಲ್ ತಿಂಗಳ ಪದವೇ ಸೈ:
ಸುಟ್ಟ ಮುರಕಲ್ಲು,
ಒಣಗಿ ಬೂದಿಯಾದ ಮುಳಿಹುಲ್ಲು,
ಕಣ್ಣು ಹೋದಷ್ಟು ದೂರ ಒಂದು ಮರದ ನೆರಳಿಲ್ಲ.
ಗೂಟ ಹೊಡೆದೆ. ಕಲ್ಲು ಗೂಟವನ್ನೇ ಬಗ್ಗಿಸಿತು.

"ಎಂತ ಮಾರಾಯ್ರೆ, ಕಲ್ಲಿಗೆ ಮೊಳೆಯಾ?"
ಕೋರೆಯ ಕಡೆಯಿಂದ ಬಂದವರು ಪೊಡಿಯಬ್ಬ.
ಹಗಲು ಕಲ್ಲು ಕೊಯ್ಯುವ ಮೆಷಿನು, ರಾತ್ರಿ ಅದರದ್ದೇ ಕಾವಲು.
ಅದಕ್ಕೂ ಮೊದಲು ಹತ್ತೊಂಬತ್ತು ವರ್ಷ
ಸೌದಿಯ ಮರಳಲ್ಲಿ ನೀರಿನ ಲಾರಿ.
ಮುರಿದ ಕಲ್ಲು ತಂದು
ಟೆಂಟಿನ ನಾಲ್ಕು ಮೂಲೆಗೆ ಹೇರಿದರು.
ತಾವು ಮಾತ್ರ ಬೈರಾಸು ಹಾಸಿ ಬರಿಯ ಪಾರೆಯ ಮೇಲೆ.
"ಹಗಲಿನ ಬಿಸಿ ಇನ್ನೂ ಉಂಟು. ಬೆನ್ನಿಗೆ ಒಳ್ಳೆಯದು."

ದುಬೈಯ ವಿಮಾನ ತಲೆಯ ಮೇಲೆಯೇ ಇಳಿಯಿತು.
ಅದರ ಬೆಳಕಿಗೆ ಪದವು ಒಮ್ಮೆ ಬೆಳ್ಳಗಾಗಿ
ಮತ್ತೆ ತಾನಿದ್ದ ಕತ್ತಲಿಗೇ ಹೋಯಿತು.

ಎಷ್ಟು ಹೊತ್ತಿಗೋ ಎಚ್ಚರ.
ಯಾರೋ ಉಸಿರಾಡುತ್ತಿದ್ದರು.
ನಾನಲ್ಲ; ನನ್ನದು ನಿಂತಿತ್ತು.
ಬಟ್ಟೆಯ ಆಚೆ, ಕಿವಿಯಿಂದ ಒಂದು ಗೇಣು,
ಒದ್ದೆ ಮೂಗೊಂದು
ನೈಲಾನನ್ನು ನಿಧಾನ ಓದುತ್ತಿತ್ತು:
ಹಿಂದಿನ ಗಿರಾಕಿಗಳ ಬಂಗುಡೆ, ಬಿಯರು,
ಮಲ್ಪೆಯ ಉಪ್ಪು, ಕುದುರೆಮುಖದ ಜಿಗಣೆ ಹೀರಿದ ರಕ್ತ,
ಎಲ್ಲದರ ಕೆಳಗೆ, ತಾಜಾ, ನನ್ನ ಬೆವರು.

ಇನ್ನೊಂದು ವಿಮಾನ.
ನೀಲಿ ಗೋಡೆಯ ಮೇಲೆ ಒಮ್ಮೆಲೇ
ಎರಡು ಕಿವಿ, ಕಡ್ಡಿಯಂಥ ಕಾಲು,
ಹೊಟ್ಟೆ ಇರಬೇಕಾದಲ್ಲಿ ಏನೂ ಇಲ್ಲ.

ಜಿಪ್ಪಿನ ಸಂದಿಗೆ ಕಣ್ಣಿಟ್ಟೆ.
ನರಿ.
ಕುದ್ಕೆ ಎಂದು ಅಜ್ಜಿ ಬೈಯುತ್ತಿದ್ದದ್ದು ನನ್ನನ್ನೇ;
ನಿಜವಾದದ್ದನ್ನು ಇಷ್ಟು ಹತ್ತಿರ ಕಂಡದ್ದು ಈಗ.
ಮುರಕಲ್ಲಿನದೇ ಬಣ್ಣ,
ಪಾರೆಯ ಒಂದು ತುಂಡು ಎದ್ದು ನಡೆದ ಹಾಗೆ.
ಪೊಡಿಯಬ್ಬರ ಪಾದ ಮೂಸಿತು, ಒಂದೊಂದೇ ಬೆರಳು.
ಅವರು ಅಲುಗಲಿಲ್ಲ. ನಿದ್ದೆಯಲ್ಲ, ಕಣ್ಣು ತೆರೆದೇ ಇತ್ತು.
"ತಆಲ್," ಅಂದರು, ತುಂಬ ಮೆಲ್ಲಗೆ, "ತಆಲ್."

ಕೋರೆಯ ಅಂಚಿಗೆ ಸಿಮೆಂಟು ಹೊರುವ ಬಾಣಲೆ,
ಅದರ ತುಂಬ ನೀರು.
ಆಮೇಲೆ ನಾಲಿಗೆಯ ಸದ್ದು ಮಾತ್ರ, ಬಹಳ ಹೊತ್ತು.

ಹೋದ ಮೇಲೆ ಕೇಳಿದೆ: ಹೆದರಿಕೆ ಆಗುವುದಿಲ್ಲವಾ?

"ಅಲ್ಲಿಯೂ ಒಂದು ಇತ್ತು.
ಇಷ್ಟೇ ಇಷ್ಟು. ಮೈಗಿಂತ ಕಿವಿಯೇ ಜಾಸ್ತಿ.
ನನ್ನ ಕುಬ್ಬೂಸಿನಲ್ಲಿ ಅರ್ಧ ಅದಕ್ಕೆ.
ಚಳಿಗೆ ಲಾರಿಯಡಿ ಮಲಗುತ್ತಿತ್ತು, ಎಂಜಿನ್ನಿನ ಬಿಸಿಗೆ.
ಒಂದು ದಿನ ಮುದೀರನ ಫೋನು, ಬೇಗ ಹೊರಡು ಅಂತ.
ಬಗ್ಗಿ ನೋಡದೆ ಗೇರು ಹಾಕಿದೆ."

ಎದ್ದು ಬೈರಾಸು ಕೊಡವಿ, ಮಡಚಿ, ಮತ್ತೆ ಹಾಸಿದರು.
"ಬೆಳಿಗ್ಗೆ ಬಾಣಲೆ ಖಾಲಿಯಾದರೆ ಲೆಕ್ಕ ಸರಿಯಾಯ್ತು ಅಂತ ಅಲ್ಲ.
ಆದರೂ ನೋಡ್ತೇನೆ."

ಹುಡುಗರು ಟೆಂಟು ಒಯ್ಯಲು ಬಂದರು.
ಮೂಲೆಯಲ್ಲಿ ಹಲ್ಲಿನಷ್ಟು ತೂತು ಕಂಡು ಚೌಕಾಸಿಗೆ ನಿಂತರು.
ಐವತ್ತು ಬಿಟ್ಟೆ. ಹೊಲಿದು ಕೊಡಿ ಅಂದರು.
ಸೂಜಿ ಇತ್ತು, ನೀಲಿ ನೂಲೂ ಇತ್ತು. ಇಲ್ಲ ಅಂದೆ.

ಜೀಪು ಹತ್ತುವಾಗ ಕೂಗಿ ಹೇಳಿದೆ:
ಬೆಳಿಗ್ಗೆ ಹೊರಡುವ ಮೊದಲು
ಗಾಡಿಯಡಿ ಒಮ್ಮೆ ಬಗ್ಗಿ ನೋಡಿ.
"ಟಯರಾ ಅಂಕಲ್?"
ಹ್ಞೂಂ, ಅಂದೆ. ಟಯರು.